ಘಾಟಿ ಹತ್ತುವ ಮೊದಲು ನಾಯಿಗೆ ಕೊಡುವ ಮಾತ್ರೆ

ಬೇಸಿಗೆ ರಜೆ ಶುರುವಾದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೆಚ್ಚಾಗಿ ರಾತ್ರಿ ಒಂಬತ್ತರ ಮೇಲೆ. "ಡಾಕ್ಟ್ರೇ, ನಾಳೆ ಬೆಳಿಗ್ಗೆ ಚಾರ್ಮಾಡಿ ಘಾಟಿ ಹತ್ಲಿಕ್ಕುಂಟು. ನಾಯಿಗೆ ಕಾರಲ್ಲಿ ವಾಂತಿ ಆಗ್ತದೆ. ನಾವು ತಗೊಳ್ಳುವ ಮಾತ್ರೆಯಲ್ಲೇ ಅರ್ಧ ಕೊಡ್ಬಹುದಾ?"

ನಮ್ಮ ಊರಿನವರು ಕೇಳುವುದು ಸಹಜ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟರೆ ಶಿರಾಡಿ, ಚಿಕ್ಕಮಗಳೂರಿಗೆ ಚಾರ್ಮಾಡಿ, ಮಡಿಕೇರಿಗೆ ಸಂಪಾಜೆ. ಉಡುಪಿಯವರು ತೀರ್ಥಹಳ್ಳಿ ಕಡೆ ಹೋಗುವಾಗ ಆಗುಂಬೆ ಹತ್ತಬೇಕು, ಅಲ್ಲಿ 14 ಹೇರ್‌ಪಿನ್ ತಿರುವು. ಮನುಷ್ಯರಿಗೇ ಹೊಟ್ಟೆ ತೊಳಸುವ ದಾರಿ ಅದು. ಆದರೂ "ಅರ್ಧ ಕೊಡಿ" ಎಂದು ನಾನು ಫೋನಿನಲ್ಲಿ ಹೇಳುವುದಿಲ್ಲ. ಮೊದಲು ತೂಕ ಕೇಳುತ್ತೇನೆ, ವಯಸ್ಸು ಕೇಳುತ್ತೇನೆ. ಆಮೇಲೆ ಒಂದು ಮುಖ್ಯ ಪ್ರಶ್ನೆ: ಕಾರಿನಲ್ಲಿ ಮಾತ್ರ ವಾಂತಿ ಮಾಡುತ್ತದಾ, ಮನೆಯಲ್ಲೂ ಮಾಡುತ್ತದಾ?

ಒಳಕಿವಿಯಲ್ಲಿ ದೇಹದ ಸಮತೋಲ ನೋಡಿಕೊಳ್ಳುವ ಅಂಗ ಇದೆ. ಕಾರು ತಿರುಗಿದಾಗ "ನಾವು ಅಲ್ಲಾಡುತ್ತಿದ್ದೇವೆ" ಎಂದು ಅದು ಮೆದುಳಿಗೆ ಹೇಳುತ್ತದೆ. ಸೀಟಿನ ಕೆಳಗೆ ಮಲಗಿದ ನಾಯಿಯ ಕಣ್ಣಿಗೆ ಮಾತ್ರ ಏನೂ ಅಲ್ಲಾಡುವುದು ಕಾಣುವುದಿಲ್ಲ. ಈ ಗೊಂದಲವೇ ಹೊಟ್ಟೆ ತೊಳಸಲು ಕಾರಣ. ಮರಿಗಳಿಗೆ ಜಾಸ್ತಿ. ಸುಮಾರು ಒಂದು ವರ್ಷ ಆಗುವಾಗ ಎಷ್ಟೋ ಮರಿಗಳಿಗೆ ತಾನಾಗಿ ಕಡಿಮೆಯಾಗುತ್ತದೆ.

ವಾಂತಿ ಏಕಾಏಕಿ ಬರುವುದಿಲ್ಲ. ಅದಕ್ಕೆ ಮೊದಲು ನಾಯಿ ತುಟಿ ನೆಕ್ಕುತ್ತದೆ. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ. ಬಾಯಿಯ ಮೂಲೆಯಿಂದ ದಾರದ ಹಾಗೆ ಜೊಲ್ಲು ಇಳಿಯುತ್ತದೆ. ಅಷ್ಟು ಹೊತ್ತು ಕಿಟಕಿ ನೋಡುತ್ತಿದ್ದದ್ದು ತಲೆ ತಗ್ಗಿಸಿ ಸುಮ್ಮನಾಗುತ್ತದೆ. ಇಷ್ಟು ಕಂಡರೆ ಜಾಗ ನೋಡಿ ಗಾಡಿ ನಿಲ್ಲಿಸಿ.

ಇದೇ ಜೊಲ್ಲು, ಇದೇ ನಡುಕ ಕಾರು ಸ್ಟಾರ್ಟ್ ಆಗುವ ಮೊದಲೇ ಇದ್ದರೆ? ಬಾಗಿಲು ತೆರೆದ ಕೂಡಲೇ ನಾಯಿ ಹಿಂದೆ ಜಗ್ಗಿದರೆ ಅದು ಭಯ. ಹಿಂದಿನ ಸಲದ ವಾಂತಿ, ಅಥವಾ ಕಾರು ಹತ್ತಿದಾಗೆಲ್ಲ ಕೊನೆಗೆ ಇಂಜೆಕ್ಷನ್ ಸಿಕ್ಕಿದ್ದು, ಅದಕ್ಕೆ ನೆನಪಿರುತ್ತದೆ. ವಾಂತಿ ಮಾತ್ರೆ ಭಯ ಕಳೆಯುವುದಿಲ್ಲ. ಅದಕ್ಕೆ ಬೇರೆ ಔಷಧಿ ಇದೆ, ಅಭ್ಯಾಸ ಮಾಡಿಸುವ ದಾರಿಯೂ ಇದೆ. ಕೊನೆಯಲ್ಲಿ ಹೇಳುತ್ತೇನೆ.

ಈಗ ಮಾತ್ರೆಯ ವಿಷಯ. ನಾಯಿಗಳ ಪ್ರಯಾಣದ ವಾಂತಿಗೆ ನಾವು ಹೆಚ್ಚು ನಂಬುವುದು ಮಾರೋಪಿಟೆಂಟ್ ಎಂಬ ಔಷಧಿಯನ್ನು. ಪ್ರಾಣಿಗಳಿಗೆಂದೇ ಮಾಡಿದ್ದು. ಮೆದುಳಿನಲ್ಲಿ ವಾಂತಿಗೆ ಆಜ್ಞೆ ಕೊಡುವ ಕೇಂದ್ರದಲ್ಲೇ ಕೆಲಸ ಮಾಡುತ್ತದೆ. ಇದರಲ್ಲಿ ಮನೆಯವರು ಎಡವುವ ಒಂದು ಜಾಗ ಇದೆ. ಕಾಯಿಲೆಯ ವಾಂತಿಗೆ ಕೊಡುವ ಮಾತ್ರೆಯ ಲೆಕ್ಕ ಕಿಲೋಗೆ 2 ಮಿಲಿಗ್ರಾಂ. ಪ್ರಯಾಣದ ವಾಂತಿಗೆ ಕಿಲೋಗೆ 8 ಮಿಲಿಗ್ರಾಂ. 20 ಕಿಲೋದ ನಾಯಿಗೆ ಒಂದು ಲೆಕ್ಕದಲ್ಲಿ 40, ಇನ್ನೊಂದರಲ್ಲಿ 160. ಹೆಸರು ಒಂದೇ, ಪ್ರಮಾಣ ನಾಲ್ಕು ಪಟ್ಟು. ದೊಡ್ಡ ಪ್ರಮಾಣವನ್ನು ಸತತ ಎರಡು ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ. ನಾಲ್ಕು ತಿಂಗಳು ತುಂಬದ ಮರಿಗೆ ಪ್ರಯಾಣಕ್ಕೆಂದು ಕೊಡುವುದೇ ಇಲ್ಲ. ಲಿವರ್ ತೊಂದರೆ ಇರುವ ನಾಯಿಗೆ ಯೋಚನೆ ಮಾಡಿ ಕೊಡಬೇಕು. ಹಾಗಾಗಿ ಹಳೇ ಚೀಟಿ ನೋಡಿ ನೀವೇ ಲೆಕ್ಕ ಹಾಕಬೇಡಿ.

ಕೊಡುವ ಹೊತ್ತು ಕೂಡ ಅಷ್ಟೇ ಮುಖ್ಯ. ಕಾರು ಹೊರಡುವ ಎರಡು ಗಂಟೆ ಮೊದಲು ಕೊಡಿ ಎನ್ನುತ್ತೇನೆ. "ಘಾಟಿ ಶುರುವಾಗುವುದು ಚಾರ್ಮಾಡಿಯಲ್ಲಿ ಅಲ್ವಾ" ಎಂದು ಉಜಿರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೊಟ್ಟವರಿದ್ದಾರೆ. ಮಾತ್ರೆ ಕರಗುವಷ್ಟರಲ್ಲಿ ತಿರುವುಗಳು ಬಂದಿದ್ದವು. ಇಡೀ ಮಾತ್ರೆ ಸೀಟಿನ ಮೇಲೆ ಬಿತ್ತು.

ಬರೀ ಹೊಟ್ಟೆಯಲ್ಲೂ ಕೊಡಬಾರದು, ಮಾತ್ರೆಯೇ ವಾಂತಿ ಬರಿಸಬಹುದು. ಹೊಟ್ಟೆ ತುಂಬಾ ತಿನ್ನಿಸಿಯೂ ಕೊಡಬಾರದು. ಒಂದು ಸಣ್ಣ ತುಂಡು ಇಡ್ಲಿ ಸಾಕು. ಚೀಸ್ ಅಥವಾ ಮಾಂಸದೊಳಗೆ ಗಟ್ಟಿಯಾಗಿ ಸುತ್ತಿ ಕೊಟ್ಟರೆ ಮಾತ್ರೆ ಕರಗುವುದು ತಡವಾಗುತ್ತದೆ. ದೊಡ್ಡ ನಾಯಿಗೆ ದೊಡ್ಡ ಊಟ ಪ್ರಯಾಣಕ್ಕೆ ನಾಲ್ಕಾರು ಗಂಟೆ ಮೊದಲೇ ಮುಗಿಯಲಿ. ಸಣ್ಣ ಮರಿಯನ್ನು ಮಾತ್ರ ಹಾಗೆ ಉಪವಾಸ ಹಾಕಬೇಡಿ, ಸಕ್ಕರೆ ಅಂಶ ಇಳಿದು ಸೋತು ಬೀಳುತ್ತದೆ. ಈ ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿ ಹುಡುಕಿದರೆ ಸಿಗುವುದು ಕಷ್ಟ. ನಾಲ್ಕು ದಿನ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ.

ಮನೆಯ ಡಬ್ಬಿಯಲ್ಲಿರುವ ಮನುಷ್ಯರ ಮಾತ್ರೆಗಳು? ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಒಳ್ಳೆಯ ಔಷಧಿ, ಆಸ್ಪತ್ರೆಯಲ್ಲಿ ನಾವೂ ಬಳಸುತ್ತೇವೆ. ಆದರೆ ಕಾರಿನ ವಾಂತಿಗೆ ಅದು ನಾಟುವುದಿಲ್ಲ, ಅದು ತಡೆಯುವ ದಾರಿಯೇ ಬೇರೆ. ಮೆಟೊಕ್ಲೋಪ್ರಮೈಡ್ ಕೂಡ ಹಾಗೆಯೇ. ನಾವು ಬಸ್ಸು ಹತ್ತುವಾಗ ನುಂಗುವ ಪ್ರೊಮೆಥಜಿನ್ ಜಾತಿಯ ಮಾತ್ರೆ ಕೆಲವು ನಾಯಿಗಳಿಗೆ ಉಪಕಾರ ಮಾಡುತ್ತದೆ. ಜೊತೆಗೆ ಮಂಪರೂ ತರುತ್ತದೆ. ಫಿಟ್ಸ್ ಇರುವ ನಾಯಿ, ಮೊದಲೇ ಉಸಿರಿಗೆ ಕಷ್ಟಪಡುವ ಪಗ್, ಇವಕ್ಕೆಲ್ಲ ಕೇಳದೆ ಕೊಡುವಂಥದ್ದಲ್ಲ. ಬೆಕ್ಕುಗಳಿಗಂತೂ ಈ ಜಾತಿಯ ಮಾತ್ರೆ ಅಷ್ಟಾಗಿ ಕೆಲಸವೇ ಮಾಡುವುದಿಲ್ಲ.

ಇನ್ನು "ನಿದ್ದೆ ಬರಲಿ" ಎಂದು ಶೀತದ ಮಾತ್ರೆ ಕೊಡುವುದು. ದಯವಿಟ್ಟು ಬೇಡ. ಅದರಲ್ಲಿ ಹೆಚ್ಚಾಗಿ ಪ್ಯಾರಾಸಿಟಮಾಲ್ ಇರುತ್ತದೆ. ಅರ್ಧ ಮಾತ್ರೆ ಸಾಕು, ಬೆಕ್ಕಿನ ಜೀವ ಹೋಗಬಹುದು.

ನನ್ನನ್ನು ಹೆಚ್ಚು ಕಾಡುವುದು ಪ್ರಯಾಣ ಮುಗಿದ ಮೇಲೆ ಸ್ಟ್ರಿಪ್ಪಿನಲ್ಲಿ ಉಳಿಯುವ ಮಾತ್ರೆಗಳು. ಒಂದು ಮೇ ತಿಂಗಳಲ್ಲಿ ಕಾಪು ಕಡೆಯ ಮನೆಯವರು ಎರಡು ವರ್ಷದ ಲ್ಯಾಬ್ರಡಾರನ್ನು ಕರೆತಂದರು. ವಾರದ ಹಿಂದೆ ಘಾಟಿ ಹತ್ತಿ ಬಂದಿದ್ದರು, ಎರಡು ಮಾತ್ರೆ ಉಳಿದಿತ್ತು. ನಾಯಿ ಮನೆಯಲ್ಲೇ ನಾಲ್ಕು ಸಲ ವಾಂತಿ ಮಾಡಿತು. ಮೊನ್ನೆ ಕೊಟ್ಟದ್ದೇ ಅಲ್ವಾ ಎಂದು ಒಂದು ಕೊಟ್ಟರು. ವಾಂತಿ ನಿಂತಿತು. ಮರುದಿನ ಅನ್ನ ಮುಟ್ಟಲಿಲ್ಲ, ಮತ್ತೊಂದು ಕೊಟ್ಟರು. ಮೂರನೇ ದಿನ ಎದ್ದು ನಿಲ್ಲಲಿಲ್ಲ.

ಟೇಬಲ್ ಮೇಲೆ ಮಲಗಿಸಿ ಹೊಟ್ಟೆಗೆ ಕೈ ಇಟ್ಟೆ. ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಒತ್ತಿದಾಗ ನಾಯಿ ನರಳಿತು. ಎಕ್ಸ್‌ರೇಯಲ್ಲಿ ಕರುಳು ಗಾಳಿ ತುಂಬಿ ಉಬ್ಬಿದ್ದು ಕಂಡಿತು. ಸಂಜೆಯೇ ಆಪರೇಷನ್ ಮಾಡಿದೆವು. ಸಣ್ಣ ಕರುಳಿನಲ್ಲಿ ಮಾವಿನ ಗೊರಟು ಸಿಕ್ಕಿಹಾಕಿಕೊಂಡಿತ್ತು. ಅದರ ಸುತ್ತ ಒಂದು ಗೇಣು ಕರುಳು ಕಪ್ಪಾಗಿತ್ತು. ಅಷ್ಟನ್ನು ಕತ್ತರಿಸಿ ತೆಗೆದು ಜೋಡಿಸಬೇಕಾಯಿತು. "ವಾಂತಿ ನಿಂತಿತ್ತಲ್ಲ ಡಾಕ್ಟ್ರೇ, ಕಡಿಮೆ ಆಯ್ತು ಅಂದುಕೊಂಡೆವು" ಎಂದು ಆ ತಾಯಿ ಅತ್ತರು. ಅವರ ತಪ್ಪೆಂದು ನನಗೆ ಅನಿಸಲಿಲ್ಲ. ಮಾತ್ರೆ ಕೊಡುವಾಗ "ಇದು ಕಾರಿಗೆ ಮಾತ್ರ, ಮನೆಯ ವಾಂತಿಗೆ ಅಲ್ಲ" ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ನಾಯಿ ಉಳಿಯಿತು. ಅವತ್ತಿನಿಂದ ನಾನು ಕೊಡುವ ಪ್ರತಿ ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ "ಪ್ರಯಾಣಕ್ಕೆ ಮಾತ್ರ" ಎಂದು ಬರೆಯುತ್ತೇನೆ.

ಮನೆಯಲ್ಲಿ ಆಗುವ ವಾಂತಿಗೆ ನೂರು ಕಾರಣ. ನಮ್ಮ ಕಡೆ ಮಾವಿನ ಗೊರಟು, ಮೀನಿನ ಮುಳ್ಳು, ತೆಂಗಿನ ಗೆರಟೆಯ ತುಂಡು, ಎಲ್ಲವನ್ನೂ ನಾಯಿ ನುಂಗುತ್ತದೆ. ಲಸಿಕೆ ಆಗದ ಮರಿ ವಾಂತಿ ಮಾಡಿ ರಕ್ತ ಬೆರೆತ ಭೇದಿ ಮಾಡಿದರೆ ಪಾರ್ವೊ ಎಂಬ ವೈರಸ್ ಕಾಯಿಲೆ ಇರಬಹುದು, ಬೆಳಗಾಗುವುದನ್ನು ಕಾಯಬೇಡಿ. ಮಳೆಗಾಲದಲ್ಲಿ ವಾಂತಿಯ ಜೊತೆ ಕಣ್ಣು ಹಳದಿಯಾದರೆ ಇಲಿಜ್ವರದ ಸಂಶಯ ಪಡಬೇಕು. ಅದು ಮನುಷ್ಯರಿಗೂ ಅಂಟುತ್ತದೆ, ಮೂತ್ರ ಒರೆಸುವಾಗ ಕೈಗವಸು ಹಾಕಿ. ದೊಡ್ಡ ಜಾತಿಯ ನಾಯಿ ಓಕರಿಸುತ್ತಿದೆ, ಏನೂ ಹೊರಗೆ ಬರುತ್ತಿಲ್ಲ, ಹೊಟ್ಟೆ ಡೋಲಿನ ಹಾಗೆ ಉಬ್ಬಿದೆ ಎಂದರೆ ಹೊಟ್ಟೆ ತಿರುಚಿಕೊಂಡಿರಬಹುದು. ಅಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ. ಇಲಿ ಪಾಷಾಣ ತಿಂದ ಸಂಶಯ ಇದ್ದರೆ ವಾಂತಿ ನಿಲ್ಲಿಸಲು ಮಾತ್ರೆ ಕೊಡಬೇಡಿ. ವಾಂತಿ ಬರಿಸಲು ಉಪ್ಪು ನೀರೂ ಕುಡಿಸಬೇಡಿ, ಉಪ್ಪೇ ಮೆದುಳಿಗೆ ಏರಿ ಸಾಯಬಹುದು. ಪಾಷಾಣದ ಪ್ಯಾಕೆಟ್ ಹಿಡಿದುಕೊಂಡು ಸೀದಾ ಬನ್ನಿ.

ಅಳತೆಯ ಬಗ್ಗೆ ಒಂದು ಮಾತು. ಮಿಲಿಗ್ರಾಂ ಬೇರೆ, ಮಿಲಿಲೀಟರ್ ಬೇರೆ. ಡೊಂಪೆರಿಡೋನ್ ಎಂಬ ವಾಂತಿ ಔಷಧಿಯ ಡ್ರಾಪ್ಸಿನ 1 ಮಿಲಿಯಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ, ಅದರದ್ದೇ ಸಿರಪ್ಪಿನ 1 ಮಿಲಿಯಲ್ಲಿ 1 ಮಿಲಿಗ್ರಾಂ. ಮೆಡಿಕಲ್‌ನಲ್ಲಿ ಸಿರಪ್ ಬದಲು ಡ್ರಾಪ್ಸ್ ಸಿಕ್ಕಿ, ಹೇಳಿದಷ್ಟೇ ಮಿಲಿ ಕೊಟ್ಟರೆ ಹತ್ತು ಪಟ್ಟು ಹೋಯಿತು. ಬಾಟಲಿಯ ಫೋಟೋ ಕಳಿಸಿ, ಕೇಳಿ, ಆಮೇಲೆ ಕೊಡಿ. ಚಮಚದಲ್ಲಿ ಅಳೆಯಬೇಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. ಸಕ್ಕರೆ ಇಲ್ಲದ ಸಿರಪ್ಪಿನಲ್ಲಿ ಸಿಹಿಗೆಂದು ಹಾಕುವ ಜೈಲಿಟಾಲ್ ಇದ್ದರೆ ಅದು ನಾಯಿಗೆ ವಿಷ. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ತೂಕದ ಮೆಷಿನ್ನಿನ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ.

ದ್ರವ ಔಷಧಿಯನ್ನು ನೇರ ಗಂಟಲಿಗೆ ಸುರಿಯಬಾರದು, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕೆನ್ನೆಯ ಸಂದಿನಲ್ಲಿ ಸಿರಿಂಜ್ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಲು ಸಮಯ ಕೊಡಿ. ಬೆಕ್ಕಿಗೆ ಒಣ ಮಾತ್ರೆ ನುಂಗಿಸಿದರೆ ಅದು ಅನ್ನನಾಳದಲ್ಲೇ ಅಂಟಿ ಕೂರುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಆಗಿದ್ದರೆ ಅಲ್ಲೇ ಹುಣ್ಣಾಗುತ್ತದೆ. ಮಾತ್ರೆಯ ಹಿಂದೆಯೇ 5 ಮಿಲಿ ನೀರು ಕುಡಿಸಿ. ಮಾತ್ರೆ ಕೊಟ್ಟ ಮೇಲೆ ವಾಂತಿ ಆದರೆ ಇನ್ನೊಂದು ಕೊಡುವ ಮೊದಲು ಫೋನ್ ಮಾಡಿ. ವಾಂತಿಯಲ್ಲಿ ಮಾತ್ರೆ ಕಂಡಿತಾ, ಎಷ್ಟು ಹೊತ್ತಾಗಿತ್ತು, ಅಷ್ಟು ಹೇಳಿದರೆ ನಮಗೆ ತಿಳಿಯುತ್ತದೆ.

ಅಭ್ಯಾಸದ ಮಾತು ಹೇಳುತ್ತೇನೆ ಎಂದಿದ್ದೆ. ಕದ್ರಿಯ ಒಬ್ಬ ಅಕ್ಕ ಐದು ತಿಂಗಳ ನಾಡನಾಯಿ ಮರಿಯನ್ನು ತಂದಿದ್ದರು. ಕಾರು ಕಂಡರೆ ಮೂತ್ರ ಬಿಡುತ್ತಿತ್ತು. ಮೊದಲ ವಾರ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಅದಕ್ಕೆ ಅನ್ನ ಹಾಕಿದರು. ಎರಡನೇ ವಾರ ಎಂಜಿನ್ ಚಾಲೂ ಮಾಡಿ ಸುಮ್ನೆ ಕೂತರು. ಆಮೇಲೆ ಕದ್ರಿ ಪಾರ್ಕಿನವರೆಗೆ, ಆಮೇಲೆ ಪಣಂಬೂರು ಬೀಚಿಗೆ. ಪ್ರತಿ ಸಲ ಇಳಿದಾಗ ಓಡಾಡಲು ಬಿಟ್ಟರು. ಡಿಸೆಂಬರಿನಲ್ಲಿ ಆಗುಂಬೆಗೆ ಹೊರಟಾಗ ನಾನು ಮಾತ್ರೆ ಬರೆದುಕೊಟ್ಟೆ. ಎರಡು ಗಂಟೆ ಮೊದಲು ಇಡ್ಲಿ ತುಂಡಿನ ಜೊತೆ ಕೊಟ್ಟರು, ಕಿಟಕಿ ಸ್ವಲ್ಪ ಇಳಿಸಿ, ಸೋಮೇಶ್ವರದಲ್ಲಿ ಒಮ್ಮೆ ನಿಲ್ಲಿಸಿ ನೀರು ಕುಡಿಸಿ ಹತ್ತಿದರು. ಸಂಜೆ ಫೋನ್ ಬಂತು. "ಡಾಕ್ಟ್ರೇ, ಹತ್ತನೇ ತಿರುವಿನ ಹತ್ರ ಒಮ್ಮೆ ತುಟಿ ನೆಕ್ಕಿತು. ಮತ್ತೆ ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿತು."