ಎರಡು ಚಿಲ್ಲರೆ ಸಿಸಿಯ ತಕರಾರು

ಫೋಟೊ ನೋಡಿ ಜಾತಕ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಎಂಜಿನ್‌ಗಳಿಗೆ ಬೋರ್ ಮಾಡಿಕೊಡುವ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸಿಕೊಡುವ, ಕಸುಬು ನನ್ನದು. ಆದರೂ ಆಗಾಗ ಫೋಟೊ ಬರುತ್ತಲೇ ಇರುತ್ತದೆ: ಮಡ್‌ಗಾರ್ಡ್ ಕಿತ್ತ ಹಳೆಯ ಫೋರ್ಡ್ ರೋಡ್‌ಸ್ಟರ್, ಬಾಗಿಲ ಮೇಲೆ ಮಾಸಿದ ಬಿಳಿ ಅಕ್ಷರ. ಬಾನ್‌ವಿಲ್‌ನ ಉಪ್ಪಿನ ಬಯಲಿನಲ್ಲಿ, ಅಂದರೆ ಅಮೆರಿಕದ ಯೂಟಾದಲ್ಲಿ ವೇಗದ ದಾಖಲೆಗೆ ಗಾಡಿ ಓಡಿಸುವ ಜಾಗದಲ್ಲಿ, ಇದು ಯಾವ ವರ್ಗಕ್ಕೆ ಸೇರುತ್ತದೆ ಎಂದು ಪ್ರಶ್ನೆ.

ಬರೀ ಗಾಡಿಗೆ ವರ್ಗ ಎಂಬುದೇ ಇಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆ ದಿನ ಒಳಗೆ ಯಾವ ಎಂಜಿನ್ ಕೂತಿದೆ, ಅದು ಏನು ಕುಡಿಯುತ್ತದೆ, ತಾನೇ ಉಸಿರಾಡುತ್ತದೋ ಗಾಳಿ ತುಂಬುವ ಬ್ಲೋವರ್ ಊದಬೇಕೋ, ಮೇಲಿರುವ ಬಾಡಿ ಎಂಥದು, ಇಷ್ಟೂ ಸೇರಿದರೆ ವರ್ಗ. 1950ರ ದಶಕದ ಆರಂಭದಲ್ಲಿ ಓಟದ ಗಾಡಿ ಕಟ್ಟುತ್ತಿದ್ದ ಅಲೆಕ್ಸ್ ಜಿಡಿಯಾಸ್ ಅವರು ಪಿ-38 ಯುದ್ಧವಿಮಾನದ ಕೆಳಗೆ ತೂಗುಹಾಕುವ ಪೆಟ್ರೋಲ್ ಟ್ಯಾಂಕನ್ನೇ ಬಾಡಿ ಮಾಡಿಕೊಂಡ ಒಂದೇ ಗಾಡಿಗೆ ಬೇರೆ ಬೇರೆ ಅಳತೆಯ ಮೂರು ಎಂಜಿನ್ ಕೂರಿಸಿ ಮೂರು ವರ್ಗಗಳಲ್ಲಿ ಓಡಿಸಿದರು. ಟ್ಯಾಂಕು ಅದೇ, ಚಕ್ರ ಅವೇ. ಆ ಗಾಡಿಯ ವರ್ಗ ಯಾವುದು, ನೀವೇ ಹೇಳಿ.

ಬಾಗಿಲ ಮೇಲಿನ ಅಕ್ಷರದ, ಅಂದರೆ ಎಂಜಿನ್ ಅಳತೆಯ ಗುರುತಿನ, ಕಥೆ ಇನ್ನೂ ವಿಚಿತ್ರ. ಈ ಓಟಗಳನ್ನು ನಡೆಸುವ ದಕ್ಷಿಣ ಕ್ಯಾಲಿಫೋರ್ನಿಯಾದ ಟೈಮಿಂಗ್ ಸಂಘ ಹುಟ್ಟಿದ್ದು 1937ರಲ್ಲಿ; ಬಾನ್‌ವಿಲ್‌ನ ಮೊದಲ ಓಟದ ವಾರ ‘ಸ್ಪೀಡ್ ವೀಕ್’ ನಡೆದದ್ದು 1949ರಲ್ಲಿ. ಆ ಕಾಲದಲ್ಲಿ ‘ಎ’ ಎಂದರೆ ಚಿಕ್ಕ ಎಂಜಿನ್. ಅಕ್ಷರ ಮುಂದೆ ಹೋದ ಹಾಗೆ ಎಂಜಿನ್ ದೊಡ್ಡದು. ಇಂದಿನ ಪಟ್ಟಿ ತಲೆಕೆಳಗು. ಈಗ ‘ಸಿ’ ಎಂದರೆ 306ರಿಂದ 372.99 ಘನ ಅಂಗುಲ, ‘ಡಿ’ ಎಂದರೆ 261ರಿಂದ 305.99, ‘ಇ’ ಅದಕ್ಕೂ ಕೆಳಗೆ. ಅಜ್ಜನ ಕಾಲದ ಬಣ್ಣವನ್ನು ಇಂದಿನ ನಿಯಮಪುಸ್ತಕ ಹಿಡಿದು ಓದಿದರೆ ಅರ್ಥ ಉಲ್ಟಾ ಹೊಡೆಯುತ್ತದೆ.

ಹೋದ ವರ್ಷ ಬಂದ ಪುಣ್ಯಾತ್ಮರೊಬ್ಬರ 1932ರ ರೋಡ್‌ಸ್ಟರ್ ಬಾಗಿಲ ಮೇಲೆ ಹಳೆಯ ‘ಡಿ’ ಇತ್ತು. ಆ ಕಾಲದ ಎಂಜಿನ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಅಕ್ಷರಕ್ಕೆ ಗೌರವ ಕೊಡಬೇಕೆಂದು ಇವರು ಈಗಿನ ‘ಡಿ’ಗೆ ಸರಿಹೊಂದುವ 302 ಘನ ಅಂಗುಲದ ಎಂಜಿನ್ ಹುಡುಕಿ ತಂದಿದ್ದರು. ಬೋರ್ ಎಂದರೆ ಸಿಲಿಂಡರಿನ ಅಗಲ 4 ಅಂಗುಲ, ಸ್ಟ್ರೋಕ್ ಎಂದರೆ ಪಿಸ್ಟನ್ ಏರಿಳಿಯುವ ದೂರ 3 ಅಂಗುಲ, ಎಂಟು ಸಿಲಿಂಡರ್. ಲೆಕ್ಕ ಹಾಕಿದರೆ 301.6. ಎಲ್ಲ ಸರಿ. ಕಾಫಿ ಕುಡಿಯುತ್ತ ಅವರು ಒಂದು ಮಾತು ಹೇಳಿದರು: ಸಿಲಿಂಡರ್ ಸವೆದಿತ್ತು, ಬೇರೆ ಕಡೆ ಬೋರ್ ಮಾಡಿಸಿದೆ, ಹೆಚ್ಚೇನಿಲ್ಲ, ಮೂವತ್ತು ಥೌ ಅಷ್ಟೇ.

ನಾನು ಲೋಟ ಕೆಳಗಿಟ್ಟೆ. ಮೂವತ್ತು ಥೌ ಎಂದರೆ ಒಂದು ಅಂಗುಲವನ್ನು ಸಾವಿರ ಭಾಗ ಮಾಡಿ ಅದರಲ್ಲಿ ಮೂವತ್ತು. ರಸ್ತೆಯ ಗಾಡಿಗೆ ಅದು ಏನೂ ಅಲ್ಲ. ಸಿಲಿಂಡರುಗಳ ಮುಚ್ಚಳವಾದ ಹೆಡ್ ಬಿಚ್ಚಿ ಡಯಲ್ ಗೇಜ್ ಇಳಿಸಿದೆ, 4.030 ತೋರಿಸಿತು. ಅದನ್ನು ಅದರಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕ್‌ನಿಂದ ಗುಣಿಸಿ, ಎಂಟರಿಂದ ಗುಣಿಸಿ. ಬರುವುದು 306.13. ಗೆರೆ ಇರುವುದು 305.99ಕ್ಕೆ. ಎಂಟೂ ಸಿಲಿಂಡರ್ ಸೇರಿ ದಾಟಿದ್ದು ಎರಡು ಚಿಲ್ಲರೆ ಸಿಸಿ, ಅರ್ಧ ಟೀ ಚಮಚಕ್ಕೂ ಕಡಿಮೆ. ಗಾಡಿ ‘ಸಿ’ಗೆ ಹೋಯಿತು, 372 ಘನ ಅಂಗುಲದ ಪೈಲ್ವಾನರ ಜೊತೆ ಕುಸ್ತಿಗೆ. ಸವೆತ ಅಷ್ಟರಲ್ಲೇ ಹೋಗುವಂತಿದ್ದರೆ ಇಪ್ಪತ್ತು ಥೌ ಸಾಕಿತ್ತು, 304.6ಕ್ಕೆ ನಿಲ್ಲುತ್ತಿತ್ತು.

‘ಅಷ್ಟು ಚಿಕ್ಕದನ್ನು ಯಾರು ನೋಡುತ್ತಾರೆ?’ ಎಂದು ಕೇಳಿದರು. ನೋಡುತ್ತಾರೆ. ದಾಖಲೆ ಮುರಿಯುವ ಓಟ ಓಡಿದರೆ ಗಾಡಿಯನ್ನು ಕಾವಲಿನ ಆವರಣಕ್ಕೆ ಒಯ್ಯಬೇಕು. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓಡಿ, ಎರಡರ ಸರಾಸರಿ ಹಳೆಯ ದಾಖಲೆಯನ್ನು ಮೀರಿದರೆ ಎಂಜಿನ್ ಅಳೆಯುತ್ತಾರೆ. ಉಪ್ಪು ಮೆತ್ತಿದ ಕೈಯಲ್ಲಿ ಹೆಡ್ ಬಿಚ್ಚುವಾಗ ಸತ್ಯ ಗೊತ್ತಾಗುವುದಕ್ಕಿಂತ ನನ್ನ ಬೆಂಚಿನ ಮೇಲೆ ಗೊತ್ತಾಗುವುದು ಅಗ್ಗ. ಬ್ಲಾಕಿನ ಮೇಲಿನ ಎರಕದ ಸಂಖ್ಯೆ, ಹಳೆಯ ಮಾಲೀಕರ ಮಾತು, ಯಾವುದೂ ಗೇಜಿಗೆ ಸಮವಲ್ಲ. ಸ್ಟ್ರೋಕನ್ನೂ ಅಳೆಯಿರಿ, ಕ್ರ್ಯಾಂಕ್ ಶಾಫ್ಟ್ ಬದಲಾಯಿಸಿದವರು ಚೀಟಿ ಬರೆದಿಟ್ಟು ಹೋಗುವುದಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಪೆಟ್ರೋಲ್ ವರ್ಗದಲ್ಲಿ ಓಡುವವರು ಅಲ್ಲಿಯೇ ಕೊಡುವ ಪೆಟ್ರೋಲ್ ತುಂಬಿಸಿ ಟ್ಯಾಂಕಿಗೆ ಸೀಲ್ ಹಾಕಿಸಬೇಕು. ಎಂಜಿನ್ನಿಗೆ ಬಲ ಹೆಚ್ಚಿಸುವ ನೈಟ್ರಸ್ ಅನಿಲ ಬಳಸಿದರೆ, ಬೇರೆ ಇಂಧನದವರ ‘ಫ್ಯೂಯೆಲ್’ ವರ್ಗ. ಫೋರ್ಡ್ ಫ್ಲಾಟ್‌ಹೆಡ್ ವಿ-8 ಇಟ್ಟುಕೊಂಡವರಿಗೆ ‘ಎಕ್ಸ್‌ಎಫ್’ ಎಂಬ ಪ್ರತ್ಯೇಕ ಮನೆಯೇ ಇದೆ, ಆದರೆ ಅದಕ್ಕೆ ಬ್ಲಾಕಿನಲ್ಲಿರುವ ಕವಾಟಗಳನ್ನು ಮೇಲಕ್ಕೆ ತರುವ ಆರ್ಡನ್ ಹೆಡ್ ಕೂರಿಸಿದರೆ, ಎಷ್ಟೇ ಚಂದ ಕಂಡರೂ, ‘ಎಕ್ಸ್‌ಎಕ್ಸ್‌ಎಫ್’. ಬಾಡಿಯ ವಿಷಯದಲ್ಲಿ ನಾನು ಬಾಯಿ ಬಿಡುವುದು ಕಡಿಮೆ. ಎಂಜಿನ್ ಎಷ್ಟು ಹಿಂದೆ ಸರಿದಿದೆ, ಏನು ಕತ್ತರಿಸಿದ್ದಾರೆ ಎಂಬುದನ್ನು ಗಾಡಿಯ ಮುಂದೆ ನಿಂತು ಆ ವರ್ಷದ ಪುಸ್ತಕ ಹಿಡಿದು ನೋಡಬೇಕು; ಕೊನೆಯ ಮಾತು ತಪಾಸಣೆಯವರದು.

ಆ ಪುಣ್ಯಾತ್ಮರು ಬೋರ್ ಮತ್ತೆ ಕಿರಿದಾಗುವಂತೆ ಎಂಟೂ ಸಿಲಿಂಡರಿಗೆ ಒಳಕೊಳವೆ, ಅಂದರೆ ಸ್ಲೀವ್, ಹಾಕಿಸಲು ಎಷ್ಟಾಗುತ್ತದೆ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಿ’ಯಲ್ಲೇ ಓಡಿಸುತ್ತೇನೆ ಎಂದರು. ಹಳೆಯ ‘ಡಿ’ ಅಳಿಸಲು ಮನಸ್ಸು ಬರದೆ ಅದರ ಮೇಲೆ ಕಾಗದ ಅಂಟಿಸಿ, ಪಕ್ಕದಲ್ಲಿ ಟೇಪಿನಿಂದ ‘ಸಿ’ ಬರೆದರು. ಈಗ ಇನ್ನೊಂದು 302 ಬ್ಲಾಕ್ ತಂದು ನನ್ನ ಅಂಗಡಿಯಲ್ಲಿ ಇಳಿಸಿದ್ದಾರೆ. ಮೇಲೆ ಸೀಮೆಸುಣ್ಣದಲ್ಲಿ ಅವರದೇ ಅಕ್ಷರ: ‘ಇಪ್ಪತ್ತು ಮಾತ್ರ.’