ಮೆಷಿನ್ ಕೂಗಿದ್ದು ಸಾಕ್ಷಿಯಲ್ಲ

ನಾಣ್ಯ ಪರೀಕ್ಷೆಗೆಂದು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ತೆಗೆಯುವುದು ನಾಣ್ಯವನ್ನಲ್ಲ, ಅದು ಸಿಕ್ಕಿದ ಕತೆಯನ್ನು. ಅಡಿಕೆ ಸಸಿಗೆ ಗುಂಡಿ ತೋಡುವಾಗ ಸಿಕ್ಕಿತು, ನೀರಿನ ಸುರಂಗದ ಬಾಯಿ ಬಿಡಿಸುವಾಗ ಸಿಕ್ಕಿತು. ಈಗೀಗ ಆನ್‌ಲೈನಿನಲ್ಲಿ ತರಿಸಿದ ಮೆಟಲ್ ಡಿಟೆಕ್ಟರ್ ಹಿಡಿದು ಅಜ್ಜನ ಹಾಳುಮನೆಯ ಅಡಿಪಾಯ ಸುತ್ತಿದಾಗ ಸಿಕ್ಕಿತು. "ಮಣ್ಣಿನಡಿಯಿಂದ ನಾನೇ ತೆಗೆದದ್ದು ಸರ್, ಮತ್ತೆ ಡೂಪ್ಲಿಕೇಟ್ ಹೇಗಾಗ್ತದೆ?" ಎಂದು ಬದಿಯಡ್ಕ ಕಡೆಯ ಹುಡುಗನೊಬ್ಬ ನನ್ನನ್ನೇ ಕೇಳಿದ್ದ. ಅವನು ಸುಳ್ಳು ಹೇಳಲಿಲ್ಲ. ಆದರೆ ಜಾತ್ರೆಯಲ್ಲಿ ಕೊಂಡ ಬಿಲ್ಲೆಯೂ ಮಣ್ಣಿಗೆ ಬೀಳುತ್ತದೆ, ನಮ್ಮ ಮಳೆಗೆ ಕೆಲವೇ ವರ್ಷಗಳಲ್ಲಿ ಹಸಿರು ಹಿಡಿಯುತ್ತದೆ. ಬೇಕೆಂದೇ ಹೂತಿಟ್ಟು ಗಿರಾಕಿಯ ಕೈಯಿಂದಲೇ ಅಗೆಸುವ ಮೋಸಗಾರರೂ ಇದ್ದಾರೆ.

ಡಿಟೆಕ್ಟರಿನ ಪರದೆಯಲ್ಲಿ ಕಾಣುವ ಸಂಖ್ಯೆ ಲೋಹ ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ ಎಂಬುದರ ಅಂದಾಜು ಮಾತ್ರ. ಬೆಳ್ಳಿಗೂ ತಾಮ್ರಕ್ಕೂ ದಪ್ಪ ಅಲ್ಯೂಮಿನಿಯಮ್ಮಿಗೂ ಅದು ಹತ್ತಿರ ಹತ್ತಿರದ ಸಂಖ್ಯೆ ತೋರಿಸಬಹುದು. ಕಾಸರಗೋಡಿನ ಮುರಮಣ್ಣಿನಲ್ಲಿ ಕಬ್ಬಿಣದ ಅಂಶ ಹೇರಳ, ಹಾಗಾಗಿ ಏನೂ ಇಲ್ಲದ ಕಡೆಯೂ ಮೆಷಿನ್ ಕೂಗುತ್ತದೆ. ವೀರರಾಯ ಪಣ ಎಂಬ ಹಳೆಯ ಪುಟ್ಟ ನಾಣ್ಯದಂಥ, ಅರ್ಧ ಗ್ರಾಮೂ ತೂಗದ ಚಿನ್ನದ ಚೂರು ಒಂಟಿಯಾಗಿ ಬಿದ್ದಿದ್ದರೆ ಸಾಮಾನ್ಯ ಮೆಷಿನ್‌ಗೆ ಕೇಳಿಸುವುದೇ ಕಷ್ಟ. ಬಿಡಿಬಿಡಿಯಾಗಿ ಇಪ್ಪತ್ತು ಪಣ ಡಿಟೆಕ್ಟರಿನಲ್ಲಿ ಸಿಕ್ಕಿತು ಎಂದು ಯಾರಾದರೂ ಮಾರಲು ಬಂದರೆ ನಾನು ಪಣಕ್ಕಿಂತ ಮೊದಲು ಆ ಕತೆಯನ್ನೇ ಅನುಮಾನಿಸುತ್ತೇನೆ.

ಹಾಗಾದರೆ ನಾಣ್ಯವನ್ನೇ ಕೇಳಬೇಕು. ಕೇಳುವ ಮೊದಲು ಅದನ್ನು ತೊಳೆಯಬಾರದು. ಹುಣಸೆಹುಳಿ ಹಚ್ಚಿ ಫಳಫಳ ಹೊಳೆಯುವಂತೆ ಮಾಡಿ ತಂದ ನಾಣ್ಯ ನೋಡಿದರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಅರ್ಧ ಸಾಕ್ಷ್ಯ ಬಚ್ಚಲಿಗೆ ಹೋಗಿರುತ್ತದೆ. ಬಹುಕಾಲ ಮಣ್ಣಿನಲ್ಲಿದ್ದ ತಾಮ್ರದ ಮೇಲೆ ಸಾಮಾನ್ಯವಾಗಿ ಲೋಹಕ್ಕೆ ತಾಗಿ ಕೆಂಪು ಪದರ, ಅದರ ಮೇಲೆ ಹಸಿರು ಪದರ ಕೂತಿರುತ್ತದೆ. ಕಡ್ಡಿಯಿಂದ ಕೆರೆದರೆ ಸುಲಭಕ್ಕೆ ಏಳುವುದಿಲ್ಲ. ಮೇಲಿಂದ ಹಚ್ಚಿದ ಹಸಿರು ಬಣ್ಣವೋ ಅಂಟೋ ಆಗಿದ್ದರೆ ಅಸಿಟೋನ್ ಅದ್ದಿದ ಹತ್ತಿಗೆ ಬಂದುಬಿಡುತ್ತದೆ. ಕಡಲ ಕಡೆಯ ಉಪ್ಪು ಮಣ್ಣಿನಿಂದ ಬಂದ ತಾಮ್ರದಲ್ಲಿ ತಿಳಿಹಸಿರು ಹುಡಿ ಉದುರುತ್ತಿದ್ದರೆ ಅದು ಇನ್ನೂ ತಿನ್ನುತ್ತಿರುವ ಕಿಲುಬು. ಅಂಥದ್ದನ್ನು ಬೇರೆ ನಾಣ್ಯಗಳಿಂದ ದೂರ, ತೇವ ತಾಗದ ಕಡೆ ಇಡಬೇಕು.

ಮೊದಲ ಪ್ರಶ್ನೆ ತೂಕದ್ದು. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ 11.66 ಗ್ರಾಂ. ಕೈಯಿಂದ ಕೈಗೆ ಹೋಗಿ ಸವೆದು 11.4ಕ್ಕೆ ಇಳಿದಿದ್ದರೆ ಆಶ್ಚರ್ಯವಿಲ್ಲ. 12 ಗ್ರಾಂ ತೂಗಿದರೆ ಮಾತ್ರ ಕಿವಿ ನಿಮಿರಬೇಕು. ಸರ್ಕಾರಿ ಟಂಕಸಾಲೆ ಯಾರಿಗೂ ಬೆಳ್ಳಿ ಹೆಚ್ಚಿಗೆ ಕೊಟ್ಟದ್ದಿಲ್ಲ. ವಿಜಯನಗರ, ಇಕ್ಕೇರಿ, ಹೈದರಾಲಿ, ಇವರೆಲ್ಲರ ಚಿನ್ನದ ವರಹವೂ ಸುಮಾರು 3.4 ಗ್ರಾಂ ಸುತ್ತಮುತ್ತ.

ತೂಕ ಸರಿಹೊಂದಿದ ಮೇಲೆ ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆ ಮಾಡಿ, ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅಸಲಿ ರೂಪಾಯಿಗೆ ತಕ್ಕಡಿ ಸುಮಾರು 1.13 ತೋರಿಸುತ್ತದೆ, ಲೆಕ್ಕ 10.3ಕ್ಕೆ ಬರುತ್ತದೆ. ಬೆಳ್ಳಿ ನೀರು ಕುಡಿಸಿದ ಹಿತ್ತಾಳೆಯಾದರೆ ಅದೇ ತೂಕಕ್ಕೆ 1.37ರ ಹತ್ತಿರ ತೋರಿಸಿ ಲೆಕ್ಕ 8.5ಕ್ಕೆ ಕುಸಿಯುತ್ತದೆ. ಮೇಲಿನ ಲೇಪ ಕಣ್ಣಿಗೆ ಮಣ್ಣೆರಚಬಹುದು, ನೀರಿಗೆ ಎರಚಲಾಗದು. ಆದರೆ ವರಹಕ್ಕೆ ಈ ಅಂಕಿ 0.2 ಗ್ರಾಮಿಗೂ ತುಸು ಕಡಿಮೆ, ಅಲ್ಲಿ 0.01 ಗ್ರಾಂ ಹೆಚ್ಚುಕಮ್ಮಿಯಾದರೂ ಲೆಕ್ಕ ಹಳ್ಳ ಹಿಡಿಯುತ್ತದೆ. ಪಣದ ಮಟ್ಟಿಗೆ ಮನೆಯ ತಕ್ಕಡಿಯಲ್ಲಿ ಈ ಪರೀಕ್ಷೆ ಮಾಡದಿರುವುದೇ ಲೇಸು. ಚಿನ್ನದ ಅಂಗಡಿಯ ಕ್ಯಾರಟ್ ಮೆಷಿನ್ ಒಳ್ಳೆಯದು, ಆದರೆ ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ಒರೆಗಲ್ಲಿಗೆ ತಿಕ್ಕಲು ಮಾತ್ರ ಬಿಡಬೇಡಿ. ಅಂಚಿನ ಒಂದು ಗೀರಿಗೆ ನಾಣ್ಯದ ಬೆಲೆ ಇಳಿದುಹೋಗುತ್ತದೆ.

ಆಯಸ್ಕಾಂತವನ್ನು ಜನ ಅತಿಯಾಗಿ ನಂಬುತ್ತಾರೆ. ಅದಕ್ಕೆ ಅಂಟಿದ 'ಬೆಳ್ಳಿ ರೂಪಾಯಿ' ನಕಲಿ ಎಂಬುದು ಸರಿಯೇ. ಆದರೆ ಹಿತ್ತಾಳೆಯೂ ಸೀಸವೂ ಅಂಟುವುದಿಲ್ಲವಲ್ಲ. ಮತ್ತೊಂದು ಕಡೆ, 1947ರ ಹುಲಿ ಚಿತ್ರದ ರೂಪಾಯಿ ನಿಕ್ಕಲ್ಲಿನದು, ಅಸಲಿಯೇ ಅಂಟುತ್ತದೆ. ನಕಲಿಯೆಂದು ಅದನ್ನು ಎಸೆಯಬೇಡಿ.

ಆಮೇಲೆ ಭೂತಕನ್ನಡಿ. ಅಚ್ಚಿನ ನಡುವೆ ಇಟ್ಟು ಹೊಡೆದ ನಾಣ್ಯದಲ್ಲಿ ಅಕ್ಷರದ ಬದಿ ನೇರವಾಗಿ ಏಳುತ್ತದೆ, ಬಯಲು ಭಾಗ ಬಿಗಿಯಾಗಿರುತ್ತದೆ. ಎರಕ ಹೊಯ್ದದ್ದರಲ್ಲಿ ಅಕ್ಷರಗಳು ಅರ್ಧ ಸವೆದ ಸಾಬೂನಿನ ಮೇಲಿನ ಹೆಸರಿನ ಹಾಗೆ ಮೆತ್ತಗೆ. ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಅದನ್ನು ಅಳಿಸಲು ಅರ ಉಜ್ಜಿದ ಗುರುತು. ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಅಪರೂಪದ್ದು, ಹಾಗಾಗಿ 1938ರ ಕೊನೆಯ ಅಂಕಿಯನ್ನೇ ತಿದ್ದುತ್ತಾರೆ. ಆ 9ನ್ನು ಅದೇ ಇಸವಿಯ ಎರಡನೆಯ ಅಂಕಿಯಾದ 9ರ ಜೊತೆ ಹೋಲಿಸಿ ನೋಡಿ.

ನಮ್ಮ ಭಾಗದಲ್ಲಿ ಟಿಪ್ಪುವಿನ ಆನೆ ಕಾಸು ಬರುವುದಿದೆ. ಇಲ್ಲಿ ಇಸವಿಯೇ ಒಳ್ಳೆಯ ಕಾವಲುಗಾರ. ಮೊದಲ ವರ್ಷಗಳಲ್ಲಿ ಹಿಜರಿ ಇಸವಿ ಎಡದಿಂದ ಬಲಕ್ಕಿದೆ. ಮುಂದೆ ಅವನೇ ತಂದ ಮೌಲೂದಿ ಇಸವಿಯಲ್ಲಿ ಅಂಕಿಗಳು ಬಲದಿಂದ ಎಡಕ್ಕೆ. ಅಂದರೆ 1225 ಎಂಬುದು ನಮ್ಮ ಕಣ್ಣಿಗೆ 5221 ಎಂದು ಕಾಣಬೇಕು. ಇದು ಗೊತ್ತಿಲ್ಲದ ನಕಲುಗಾರ ಅಂಕಿಯನ್ನು 'ಸರಿ' ಮಾಡಿಬಿಡುತ್ತಾನೆ. ಶಿವ ಪಾರ್ವತಿಯರಿರುವ ವರಹ ಸಿಕ್ಕರೆ ಹಿಂಬದಿ ತಿರುಗಿಸಿ: ನಾಗರಿಯಲ್ಲಿ 'ಶ್ರೀ ಸದಾಶಿವ' ಎಂದಿದ್ದರೆ ಇಕ್ಕೇರಿಯದು. 1763ರಲ್ಲಿ ಬಿದನೂರು ಗೆದ್ದ ಹೈದರ್ ಅದೇ ಶಿವ ಪಾರ್ವತಿಯರನ್ನು ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿದ. ದೇವರು ಒಂದು ಕಡೆ, ಪಾರಸಿ ಇನ್ನೊಂದು ಕಡೆ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ.

ನಕಲಿ ಎನ್ನಬೇಕಾದ್ದು ಬೇರೆ ಇದೆ. ಒಂದು ಕಡೆ ರಾಮ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1616, 1717 ಅಥವಾ 1818. ಮದರಾಸಿನಲ್ಲಿ ಕಂಪನಿ ದೇವರ ಚಿತ್ರದ ಚಿನ್ನದ ವರಹ ಹಾಕಿಸಿದ್ದು ನಿಜ. ಇಂಥ ತಾಮ್ರದ ಅರ್ಧ ಆಣೆಯನ್ನು ಮಾತ್ರ ಎಂದೂ ಹಾಕಿಸಿಲ್ಲ. ಇವೆಲ್ಲ ಪೂಜೆಗೂ ಮಾರಾಟಕ್ಕೂ ಇತ್ತೀಚೆಗೆ ಮಾಡಿದ ಬಿಲ್ಲೆಗಳು. ಇದರದೇ ಕೆಟ್ಟ ತಮ್ಮ ಅಕ್ಕಿ ಎಳೆಯುವ ನಾಣ್ಯ. ಇರಿಡಿಯಂ ಇದೆ, ವಿದೇಶಿ ಕಂಪನಿ ಕೋಟಿ ಕೊಡುತ್ತದೆ ಎನ್ನುತ್ತಾರೆ. ಯಾವ ಲೋಹವೂ ಅಕ್ಕಿಯನ್ನು ಎಳೆಯುವುದಿಲ್ಲ. ಎಳೆದರೆ ಅಕ್ಕಿಗೆ ಕಬ್ಬಿಣದ ಹುಡಿ ಸವರಿದ್ದಾರೆ ಎಂದರ್ಥ.

ನಕಲಾದರೂ ಹಳೆಯದಾದ ಜಾತಿಯೊಂದಿದೆ, ನನಗೆ ಅದೇ ಹೆಚ್ಚು ಇಷ್ಟ. ವೆನಿಸ್ಸಿನ ಡುಕಾಟ್ ಸುಮಾರು 3.5 ಗ್ರಾಮಿನ ಅಪ್ಪಟ ಚಿನ್ನ. ಮೆಣಸಿನ ವ್ಯಾಪಾರದ ಜೊತೆ ಈ ಕರಾವಳಿಗೆ ಬಂದು ಹೆಂಗಸರ ಕೊರಳಿಗೇರಿತು. ನಮ್ಮ ಅಕ್ಕಸಾಲಿಗರು ಅದನ್ನು ನೋಡಿ ಪುತ್ಥಳಿ ಸರಕ್ಕೆ ಬಿಲ್ಲೆ ಮಾಡಿದರು. ಲಿಪಿ ಬಾರದ ಕಾರಣ ಅಕ್ಷರಗಳು ಬರೀ ಗೀಟುಗಳಾದವು. ಕೊಂಡಿ ಕಿತ್ತ ಗುರುತು ಅಂಚಿನಲ್ಲಿ ಸಿಗುತ್ತದೆ. ನಾಣ್ಯವಾಗಿ ಅಸಲಿಯಲ್ಲ, ಒಡವೆಯಾಗಿ ಪೂರ್ತಿ ಅಸಲಿ. 2024ರ ಜುಲೈಯಲ್ಲಿ ಕಣ್ಣೂರಿನ ಚೆಂಗಳಾಯಿಯಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿ ಕೆಲಸದ ಹೆಂಗಸರಿಗೆ ಸಿಕ್ಕಿದ ನಿಧಿಯಲ್ಲಿ ಒಡವೆಗಳೂ ನಾಣ್ಯಗಳೂ ಒಟ್ಟಿಗೇ ಇದ್ದವು. ಬಾಂಬ್ ಇರಬಹುದೆಂದು ಅವರು ಮೊದಲು ಹೆದರಿದ್ದರಂತೆ.

ಅವರು ಅದನ್ನು ಅಧಿಕಾರಿಗಳಿಗೆ ಒಪ್ಪಿಸಿದರು, ಕಾನೂನೂ ಅದನ್ನೇ ಹೇಳುತ್ತದೆ. ಕೇರಳದಲ್ಲಿ 1968ರ, ತಲಪಾಡಿ ದಾಟಿದರೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಸ್ವಂತ ಜಾಗದಲ್ಲಿ ಸಿಕ್ಕಿದರೂ ನಿಧಿಯ ಸುದ್ದಿ ಜಿಲ್ಲಾಧಿಕಾರಿಗೆ ಹೋಗಬೇಕು. ಬೇಕಲ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಥಳ, ಅಲ್ಲಿ ಡಿಟೆಕ್ಟರ್ ಹಿಡಿದು ಅಗೆಯುವ ಯೋಚನೆಯೇ ಬೇಡ. ಸಿಕ್ಕಿದ ಜಾಗದ, ಆಳದ ಫೋಟೊ ತೆಗೆದು, ನಾಣ್ಯಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಮಣ್ಣು ಹಾಗೆಯೇ ಇರಲಿ. ಮೆತ್ತನೆಯ ಪಿವಿಸಿ ಕವರಿಗೆ ಹಾಕಬೇಡಿ, ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ.