ಕದ್ದದ್ದು ಕನ್ನಡಕ, ಬಿಟ್ಟುಹೋದದ್ದು ಶಂಖ: ‘ಲಾರ್ಡ್ ಆಫ್ ದಿ ಫ್ಲೈಸ್’ ಓದುವವರಿಗೆ

ವಿಲಿಯಂ ಗೋಲ್ಡಿಂಗ್ ಅವರ ಈ ಕಾದಂಬರಿ (1954) ದೊಡ್ಡವರಿಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರ ಕಥೆ. ರಾಲ್ಫ್ ಅವರು ಆರಿಸಿದ ನಾಯಕ, ಪಿಗ್ಗಿ ಅವನ ಜೊತೆಗಾರ, ಜ್ಯಾಕ್ ಬೇರೆಯಾಗಿ ಹೋದ ಬೇಟೆಗಾರರ ಮುಖಂಡ. ಓದುವಾಗ 10ನೇ ಅಧ್ಯಾಯದ ಕೊನೆಯಲ್ಲಿ ಸ್ವಲ್ಪ ನಿಲ್ಲಿ. ರಾತ್ರಿ ಜ್ಯಾಕ್‌ನ ಕಡೆಯವರು ರಾಲ್ಫ್‌ನ ಗುಡಿಸಲಿಗೆ ನುಗ್ಗುತ್ತಾರೆ. ಕತ್ತಲಲ್ಲಿ ಹೊಡೆದಾಟ ಆಗುತ್ತದೆ. ಶಂಖ ಕದಿಯೋಕೆ ಬಂದರು ಅಂತಲೇ ಪಿಗ್ಗಿ ಅಂದುಕೊಂಡಿದ್ದ. ಆದರೆ ಶಂಖ ಇದ್ದಲ್ಲೇ ಇದೆ. ಹೋಗಿರುವುದು ಅವನ ಕನ್ನಡಕ.

‘ಶಂಖ ಅಂದರೆ ಪ್ರಜಾಪ್ರಭುತ್ವ, ಕನ್ನಡಕ ಅಂದರೆ ಬುದ್ಧಿ’ ಅಂತ ಬಾಯಿಪಾಠ ಮಾಡಿದರೆ ಈ ಜಾಗ ಅರ್ಥವಾಗುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನೇ ಯಾಕೆ ಕದ್ದರು?

ಮೊದಲು ಶಂಖ. ನಮಗೆ ಶಂಖ ಅಂದ ಕೂಡಲೇ ದೇವರ ಮನೆ, ಪೂಜೆ ನೆನಪಾಗುತ್ತದೆ ಅಲ್ವಾ? ಉತ್ತರ ಬರೆಯುವಾಗ ಅದನ್ನು ಪಕ್ಕಕ್ಕಿಡಿ. ಈ ದ್ವೀಪದಲ್ಲಿ ಅದು ನೀರಿನಲ್ಲಿ ಸಿಕ್ಕ ಒಂದು ಚಿಪ್ಪು, ಅಷ್ಟೇ. ಊದುವುದು ರಾಲ್ಫ್, ಊದುವ ಬಗೆ ಹೇಳಿಕೊಟ್ಟದ್ದು ಪಿಗ್ಗಿ. ಆ ಸದ್ದು ಕೇಳಿ ಚದುರಿಹೋಗಿದ್ದ ಹುಡುಗರೆಲ್ಲ ಬಂದು ಸೇರುತ್ತಾರೆ. ಶಂಖ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತು ಅನ್ನೋ ನಿಯಮ ಆಮೇಲೆ ಹುಟ್ಟುತ್ತದೆ. ಎಲ್ಲರೂ ಒಪ್ಪಿಕೊಂಡರು, ಅದಕ್ಕೇ ಆ ಚಿಪ್ಪಿಗೆ ಬೆಲೆ ಬಂತು. ಬೆಟ್ಟದ ಮೇಲೆ ಶಂಖ ನಡೆಯುವುದಿಲ್ಲ ಅಂತ ಜ್ಯಾಕ್ 2ನೇ ಅಧ್ಯಾಯದಲ್ಲೇ ಹೇಳಿಬಿಡುತ್ತಾನೆ. ಬಿರುಕು ಅಲ್ಲಿಂದಲೇ ಶುರು.

ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಶಂಖದ ಬಗ್ಗೆ ಅತಿ ಮುಖ್ಯವಾದ ಜಾಗ 5ನೇ ಅಧ್ಯಾಯದ ಕೊನೆ. ಸಭೆ ಮುರಿದು ಹುಡುಗರು ಕತ್ತಲಿಗೆ ಓಡಿಹೋಗಿದ್ದಾರೆ. ಶಂಖ ಊದು ಅಂತ ಪಿಗ್ಗಿ ಬೇಡುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿದ ಮೇಲೂ ಅವರು ಬರದಿದ್ದರೆ ಎಲ್ಲ ಮುಗಿದ ಹಾಗೆ ಅನ್ನುವುದು ಅವನ ಭಯ. ಊದದೆ ಇದ್ದರೆ ಅದಕ್ಕೆ ಇನ್ನೂ ಶಕ್ತಿ ಇದೆ ಅಂತ ನಂಬಿಕೊಂಡಿರಬಹುದು. ನಾನಂತೂ ಮೊದಲ ಸಲ ಓದುವಾಗ ಇದನ್ನು ದಾಟಿಕೊಂಡು ಹೋಗಿದ್ದೆ. ಎರಡನೇ ಸಲ ಎದೆ ಭಾರವಾಯಿತು.

ಕನ್ನಡಕದ ವಿಷಯ ಬೇರೆ. ಅದು ಕೆಲಸ ಮಾಡೋಕೆ ಯಾರ ಒಪ್ಪಿಗೆಯೂ ಬೇಡ. ಯಾರು ಹಿಡಿದರೂ ಬಿಸಿಲು ಕೂಡಿಸಿ ಬೆಂಕಿ ಹಚ್ಚುತ್ತದೆ. ಬೇಟೆಯಾಡಿದ ಹಂದಿಯನ್ನು ಸುಡೋಕೆ ಜ್ಯಾಕ್‌ಗೆ ಬೆಂಕಿ ಬೇಕು. ಅದಕ್ಕೇ ಅದನ್ನು ಕದ್ದ. ಶಂಖ ಕದ್ದು ಅವನೇನು ಮಾಡಿಯಾನು? ಮಾತಾಡುವ ಸರದಿಯೇ ಇಲ್ಲದ ಕಡೆ ಅದು ಬರೀ ಚಿಪ್ಪು. ಗಾಜಿನ ಕಥೆಯನ್ನೂ ಗಮನಿಸಿ: 4ನೇ ಅಧ್ಯಾಯದಲ್ಲಿ ಜ್ಯಾಕ್ ಹೊಡೆದಾಗ ಒಂದು ಗಾಜು ಒಡೆಯುತ್ತದೆ, 10ರಲ್ಲಿ ಉಳಿದದ್ದೂ ಹೋಗುತ್ತದೆ.

ಇಲ್ಲಿ ವಿಜ್ಞಾನದ ತಪ್ಪೊಂದಿದೆ. ಪಿಗ್ಗಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಕಾಣುವುದಿಲ್ಲ. ಅದಕ್ಕೆ ಹಾಕುವುದು ನಿಮ್ನ ಮಸೂರ. ಅದು ಬೆಳಕನ್ನು ಹರಡುತ್ತದೆ, ಒಂದು ಕಡೆ ಕೂಡಿಸುವುದಿಲ್ಲ. ಅದರಿಂದ ಬೆಂಕಿ ಹತ್ತಲಾರದು, ಪೀನ ಮಸೂರವೇ ಬೇಕು. ಆದರೂ ಕಥೆಯ ತೂಕ ಇದರಿಂದ ಕಡಿಮೆ ಆಗುವುದಿಲ್ಲ.

ಈಗ 11ನೇ ಅಧ್ಯಾಯ ಓದಿ. ಕಣ್ಣು ಕಾಣದ ಪಿಗ್ಗಿ ಶಂಖ ಹಿಡಿದುಕೊಂಡು ಜ್ಯಾಕ್‌ನ ಹತ್ತಿರ ಕನ್ನಡಕ ಕೇಳೋಕೆ ಹೋಗುತ್ತಾನೆ. ನೀನು ಬಲಶಾಲಿ ಅಂತ ಕೇಳುತ್ತಿಲ್ಲ, ಸರಿಯಾದದ್ದು ಸರಿಯೇ ಅಂತ ಕೇಳುತ್ತೇನೆ ಅನ್ನುವುದು ಅವನ ಮಾತು. ಶಂಖದ ಮೇಲೆ ಕೊನೆಯವರೆಗೂ ನಂಬಿಕೆ ಇಟ್ಟವನು ಅವನೊಬ್ಬನೇ. ಜ್ಯಾಕ್‌ನ ಕಡೆಯ ರೋಜರ್ ಮೇಲಿನಿಂದ ಬಂಡೆ ಉರುಳಿಸುತ್ತಾನೆ. ಶಂಖ ಚೂರುಚೂರಾಗುತ್ತದೆ. ಪಿಗ್ಗಿ 40 ಅಡಿ ಕೆಳಗೆ ಬೀಳುತ್ತಾನೆ.

ಕೊನೆಗೆ ರಾಲ್ಫ್‌ನನ್ನು ಅಡಗಿದ ಜಾಗದಿಂದ ಹೊರಗೆ ಓಡಿಸೋಕೆ ಜ್ಯಾಕ್‌ನ ಕಡೆಯವರು ಕಾಡಿಗೆ ಬೆಂಕಿ ಇಡುತ್ತಾರೆ. ಆ ಹೊಗೆ ಕಂಡೇ ಹಡಗು ಬರುತ್ತದೆ. ಇಳಿದು ಬಂದ ಅಧಿಕಾರಿಯ ಬಟ್ಟೆ ಬಿಳಿ, ಗುಂಡಿ ಹೊಳೆಯುತ್ತದೆ, ಕೈ ಮಾತ್ರ ರಿವಾಲ್ವರ್ ಮೇಲಿದೆ. ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ಇದ್ದವರು, ಸಾಲ್ಸ್‌ಬರಿಯಲ್ಲಿ ಹುಡುಗರಿಗೆ ಪಾಠ ಹೇಳಿದವರು.